ನೂರು ಮಂದಿಯ ಚಿತ್ರ

ಡಾಕ್ಟರ್ ಮೇಡಂ ಕೇಳಿದ್ದು ಸರಳ:
ಒಂದು ಹಾಳೆ, ಹತ್ತು ಸಾಲು, ಸಾಲಿಗೆ ಹತ್ತು ಮಂದಿ.
ಇಂಥದೇ ಬೇನೆಯವರು ನೂರು ಜನ ಇದ್ದರೆ
ವರ್ಷ ತುಂಬಿದ ಮೇಲೆ ಉಳಿದವರು ಬಿಳಿ,
ಉಳಿಯದವರು ಕಪ್ಪು.
‘ಓದು ಬಾರದವರಿಗೂ ತಿಳೀಬೇಕು, ಮಾಸ್ತರ.’

ಮೂವತ್ತು ವರ್ಷ ಶಾಲೆಯ ಹಲಗೆಯ ಮೇಲೆ
ಹೂಜಿ, ಬಾಳೆಹಣ್ಣು, ಸೂರ್ಯೋದಯ ಬರೆದ ಕೈ,
ಸುಮ್ಮನೆ ಕೂರದು.
ಒಬ್ಬನಿಗೆ ರುಮಾಲು ಸುತ್ತಿದೆ, ಒಬ್ಬಳ ಕಂಕುಳಿಗೆ ಕೂಸು ಕೊಟ್ಟೆ,
ಮೂರನೇ ಸಾಲಿನ ಏಳನೆಯವನಿಗೆ
ಸೂಪರ್ ಮಾರ್ಕೆಟಿನ ಬಳೆಯಂಗಡಿ ಗಫೂರನ ಗಡ್ಡವೇ ಬಂತು.
ಮೇಡಂ ನೋಡಿ ನಕ್ಕರು. ಆಮೇಲೆ ನಗಲಿಲ್ಲ.
‘ಮುಖ ಬೇಡ. ಮುಖ ಇದ್ದರೆ
ತಮ್ಮನ್ನು ತಾವೇ ಹುಡುಕ್ತಾರೆ.’

ನೂರು ಮುಖ ಅಳಿಸಲು ಒಂದು ಸಂಜೆ ಹಿಡಿಯಿತು.
ಗಫೂರನನ್ನು ಕೊನೆಗೆ ಅಳಿಸಿದೆ.
ಉಳಿದದ್ದು ಗುಂಡು ತಲೆ, ಕೆಳಗೊಂದು ಅಂಗಿ,
ಬಸ್ ಸ್ಟ್ಯಾಂಡಿನ ಶೌಚಾಲಯದ ಬಾಗಿಲ ಮೇಲಿನವರಂತೆ.
ಮೇಲೆ ಹದಿನೆಂಟು ಬಿಳಿ.
ಮಿಕ್ಕಿದ್ದಕ್ಕೆಲ್ಲ ಕಪ್ಪು ತುಂಬುತ್ತ
ಒಂದು ಪೆನ್ನು ಖಾಲಿಯಾಯಿತು.

*

ಮೊದಲು ನೋಡಿದವಳು ಹುಸೇನಮ್ಮ.
ಕಲಬುರಗಿಯ ದಾಲ್‌ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ
ತೊಗರಿಬೇಳೆ ಹಸನು ಮಾಡಿದವಳು.
ಹೊಟ್ಟೆಯ ಗಂಟು ಲಿವರಿಗೂ ಇಳಿದದ್ದು
ಮಗಳಿಗೆ ಗೊತ್ತು, ಅಳಿಯನಿಗೆ ಗೊತ್ತು,
ಬಗಲಿನ ಮಂಚದವರಿಗೂ ಗೊತ್ತು.
ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಳು, ಮೊರ ಹಿಡಿದಂತೆ.
ಕೊಂಚ ಓರೆ ಮಾಡಿದಳು.
ಏನೂ ಉದುರಲಿಲ್ಲ.

‘ಇದ್ರಾಗ ನಾ ಯಾರ್ರಿ?’

‘ಅದು ನಮಗೂ ಗೊತ್ತಿಲ್ಲಮ್ಮ’ ಅಂದರು ಮೇಡಂ,
ಅಷ್ಟನ್ನೇ ಅಂದು, ಕುರ್ಚಿ ಹತ್ತಿರ ಎಳೆದುಕೊಂಡರು.
ಮಗಳು ಟಿಫಿನ್ ಡಬ್ಬಿಯ ಮುಚ್ಚಳ
ತೆಗೆದಳು, ಮುಚ್ಚಿದಳು, ತೆಗೆದಳು.

ಹುಸೇನಮ್ಮ ನನ್ನ ಕಡೆ ತಿರುಗಿ:
‘ನೀವ್ ಬರ್ದೀರೇನ್ರಿ? ತಪ್ಪ್ ಬರ್ದೀರಿ.
ಕೆಟ್ಟ ಕಾಳು ಹಿಂಗ ಸಾಲ್ ಹಚ್ಚಿ ಒಂದೇ ಕಡಿ ಕುಂದ್ರಂಗಿಲ್ಲ.
ಇಲ್ಲೊಂದು, ಅಲ್ಲೊಂದು, ಛಲೋ ಕಾಳಿನ ಬಗಲಾಗೇ ಇರ್ತದ.
ಅದಕ್ಕೇ ಅಲ್ಲೇನ್ರಿ ನಮಗ ಪಗಾರ ಕೊಡ್ತಿದ್ದದ್ದು?’

ಚೆಲ್ಲಾಪಿಲ್ಲಿ ಬರೆದರೆ ಎಣಿಸಲು ಬರುವುದಿಲ್ಲ ಎಂದೆ.

‘ಎಣಸೂದು ನಿಮ್ಮ ಕೆಲಸ. ನಮ್ದು ಕೈಯಾಡ್ಸೂದು.’

ಆಡಿಸಿದಳು. ಕೆಳಗಿನ ಸಾಲಿನಿಂದ ಮೇಲಕ್ಕೆ,
ಉಗುರು ಸವೆದ ಹೆಬ್ಬೆರಳು,
ಒಬ್ಬೊಬ್ಬರ ತಲೆಯನ್ನೂ ಮುಟ್ಟಿ.
ಬಿಳಿಯವರ ಹತ್ತಿರ ಬಂದಾಗ ನಿಲ್ಲುತ್ತದೆಂದುಕೊಂಡೆ.
ನಿಲ್ಲಲಿಲ್ಲ. ಅವರನ್ನೂ ಅದೇ ಗತಿಯಲ್ಲಿ ದಾಟಿ
ಹಾಳೆಯ ಅಂಚಿಗೆ ಬಂದು, ಅಂಚಿನಾಚೆ ಹೊದಿಕೆಗೆ ಇಳಿಯಿತು.

‘ಹೋಗೂದು ತೋರ್ಸೀರಿ. ಮುಚ್ಚಿಡ್ಲಿಲ್ಲ, ಛಲೋ ಆತು.
ಮತ್ತ ಅಲ್ಲೀತನ ಹ್ಯಾಂಗ?
ಕುಂತು ಉಣ್ತೀನೋ, ಯಾರರೆ ಉಣಸ್ಬೇಕೋ?
ನನ್ನ ಕಾಲ ಮ್ಯಾಲ ನಾ ಬಚ್ಚಲಕ ಹೋಗ್ತೀನೋ?
ಅದರ ಚಿತ್ರ ಎಲ್ಲದ?’

ಮೇಡಂ ನನ್ನ ಮುಖ ನೋಡಿದರು.
ಹುಸೇನಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಎಲೆಅಡಿಕೆ ಚೀಲದಲ್ಲಿಟ್ಟುಕೊಂಡಳು.

*

ಬ್ರಹ್ಮಪುರದ ಮನೆ, ರಾತ್ರಿ ಹನ್ನೊಂದು, ಕರೆಂಟಿದೆ.
ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ;
ವಾರ್ಡಿನಲ್ಲಿ ಎಣಿಸಿಕೊಂಡೇ ಬಂದಿದ್ದೆ.
ಮೊದಲ ಚೌಕದಲ್ಲಿ ಒಬ್ಬಳೇ ನಡೆಯುತ್ತಾಳೆ.
ಎರಡನೆಯದರಲ್ಲಿ ಗೋಡೆಗೆ ಕೈ.
ಆಮೇಲೆ ಮಗಳ ಹೆಗಲು. ಆಮೇಲೆ
ಮಂಚದ ಕೆಳಗೆ ಒಂದು ಪಾತ್ರೆ, ಸುತ್ತ ಪರದೆ,
ಪರದೆ ಎಳೆದವರು ಯಾರೆಂದು ಇನ್ನೂ ಬರೆದಿಲ್ಲ.

ಮುಖ ಬಿಟ್ಟಿದ್ದೇನೆ, ಮೇಡಂ ಹೇಳಿದಂತೆ.
ಆದರೆ ಗೋಡೆ ಹಿಡಿದ ಕೈ ನನ್ನ ಮಾತು ಕೇಳುತ್ತಿಲ್ಲ:
ಎಷ್ಟು ಅಳಿಸಿದರೂ ಅದೇ ಹೆಬ್ಬೆರಳು,
ಅದೇ ಸವೆದ ಉಗುರು.

ಇರಲಿ.
ನಾಳೆ ಹತ್ತಕ್ಕೆ ತೋರಿಸಬೇಕು.
ತಪ್ಪಿದ್ದರೆ ಹೇಳುತ್ತಾಳೆ.